ಪಿತಾಮಹನ ಚಿತ್ರಗಳೂ ಮನೆಯವರ ಪಟ್ಟಿಕೆಯೂ

ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕವನ್ನು ಪಾಠ ಹೇಳುವ ಅಧ್ಯಾಪಕರು ಅಲ್ಲಿಯ ಚಿತ್ರದರ್ಶನವನ್ನು ಮುಂಬರುವ ವಿಯೋಗದ ಬೀಜವೆಂದು ವಿವರಿಸುವುದು ವಾಡಿಕೆ. ಅದು ಯುಕ್ತವೇ. ಆದರೆ ಆ ಸಂದರ್ಭಕ್ಕೆ ಮತ್ತೊಂದು ಮುಖವೂ ಇರುವುದು. ಒಂದು ಮನೆತನದವರು ತಮ್ಮ ಮನೆಯ ಚಿತ್ರಗಳನ್ನು ತಾವೇ ನಿಂತು ವಿವರಿಸುವಾಗ ಏನು ನಡೆಯುವುದೆಂಬುದನ್ನು ಕವಿಯು ಅಲ್ಲಿ ಸೂಕ್ಷ್ಮವಾಗಿ ತೋರಿಸಿರುವನು. ವಿವಾಹದ ಚಿತ್ರದಲ್ಲಿ ಲಕ್ಷ್ಮಣನು ಸೀತೆ, ಮಾಂಡವಿ, ಶ್ರುತಕೀರ್ತಿಯರನ್ನು ಹೆಸರಿಸಿ ಊರ್ಮಿಳೆಯನ್ನು ಬಿಟ್ಟುಬಿಡುತ್ತಾನೆ. ಇವಳಾರೆಂದು ಸೀತೆ ಕೇಳಲು, ನಾಚಿ ಬೇರೊಂದು ಕಡೆಗೆ ಕೈದೋರುತ್ತಾನೆ. ಪರಶುರಾಮನ ಪ್ರಸಂಗದಲ್ಲಿ ತನ್ನ ಪ್ರಶಂಸೆ ಬರುವುದೆಂದರಿತು ರಾಮನು ತಮ್ಮನ ಮಾತನ್ನು ತಡೆಯುತ್ತಾನೆ. ಮಂಥರೆಯ ಚಿತ್ರಕ್ಕೆ ಬಂದಾಗ ಉತ್ತರವನ್ನೇ ಕೊಡದೆ ಮುಂದಿನದಕ್ಕೆ ಸಾಗುತ್ತಾನೆ. ಲಜ್ಜೆ, ವಿನಯ, ನೋವು ಎಂಬ ಈ ಮೂರು ಭಾವಗಳಲ್ಲಿ ಒಂದೂ ನಿಂದ್ಯವಲ್ಲ. ಆದರೆ ಮೂರರಿಂದಲೂ ವಿವರಣೆಗೆ ಲೋಪವುಂಟಾಯಿತು.

ಈಚೆಗೆ ನಮ್ಮ ನಾಡಿನಲ್ಲಿ ಚಿತ್ರಕಾರರಾಗಿದ್ದ ಅಜ್ಜಂದಿರ ಕೃತಿಗಳನ್ನು ಮೊಮ್ಮಕ್ಕಳು ಕಲೆಹಾಕಿ, ಛಾಯಾಚಿತ್ರ ತೆಗೆದು, ಪಟ್ಟಿಕೆ ಬರೆಯುವ ಉದ್ಯಮವು ಅಲ್ಲಲ್ಲಿ ಕಾಣಬರುತ್ತಿದೆ. ಇದು ಶ್ಲಾಘ್ಯವಾದ ಕೆಲಸ. ಆದರೆ ಅದರ ಕ್ರಮವೇನು? ಮನೆಯವರು ಒಳ್ಳೆಯ ಸಾಕ್ಷಿಗಳೇ, ಅಲ್ಲವೇ? ಈ ವಿಷಯವನ್ನು ಕಾರವಾರ ಮತ್ತು ಅಂಕೋಲೆಗಳ ಸೀಮೆಗೆ ಸಂಬಂಧಪಟ್ಟ ಎರಡು ದೃಷ್ಟಾಂತಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಒಂದು, ಎಲ್ಲವನ್ನೂ ಬರೆದಿಟ್ಟ ಮನೆತನದ್ದು. ಇನ್ನೊಂದು, ಏನನ್ನೂ ಬರೆದಿಡದ ಕೈಗಳದ್ದು.

ಮೊದಲನೆಯದು ಠಾಕೂರರ ಮನೆತನ. ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರ ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಅರ್ಧಚಂದ್ರಾಕಾರದ ಕಡಲತೀರ, ಕಾಳೀನದಿಯ ಮೇಲಣ ದೋಣಿಯ ಸಂಚಾರ, ಬೆಳುದಿಂಗಳಿನಲ್ಲಿ ಮರಳಿನ ಮೇಲೆ ನಡೆದು ಬಂದುದು, ಇವೆಲ್ಲವೂ ಜೀವನಸ್ಮೃತಿಯಲ್ಲಿ ಬಂದಿವೆ. ಪ್ರಕೃತಿರ ಪ್ರತಿಶೋಧವೆಂಬ ನಾಟಕವು ಹುಟ್ಟಿದುದೂ ಕಾರವಾರದಲ್ಲಿಯೇ. ಆ ಸ್ಮೃತಿಗ್ರಂಥವು 1912ರಲ್ಲಿ ಪುಸ್ತಕವಾದಾಗ ಅದಕ್ಕೆ 24 ಚಿತ್ರಗಳನ್ನು ಬರೆದವರು ಅದೇ ಮನೆಯ ಗಗನೇಂದ್ರನಾಥರು. ಮನೆಯೊಂದು ತನ್ನ ಕಥೆಯನ್ನು ತಾನೇ ಬರೆದು ತಾನೇ ಚಿತ್ರಿಸಿಕೊಂಡುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಆ ಗ್ರಂಥದ ಆರಂಭದಲ್ಲಿಯೇ ರವೀಂದ್ರರು ಒಂದು ಎಚ್ಚರಿಕೆಯನ್ನು ಕೊಟ್ಟಿರುವರು. ಸ್ಮೃತಿಯು ಚಿತ್ರಕಾರನಂತೆ, ಅದು ನಡೆದುದರ ಪಡಿಯಚ್ಚನ್ನು ತೆಗೆಯದೆ ತನ್ನ ಅಭಿರುಚಿಯಂತೆ ಹಿಗ್ಗಿಸಿ ಕುಗ್ಗಿಸಿ ಬರೆಯುವುದೆಂಬುದು ಅದರ ತಾತ್ಪರ್ಯ. ಪಟ್ಟಿಕೆ ಬರೆಯುವ ಮೊಮ್ಮಗನು ಇದನ್ನು ಮನಗಾಣತಕ್ಕದ್ದು. ಅಜ್ಜನು ಚಿತ್ರಕಾರ, ಅಜ್ಜನನ್ನು ಕುರಿತ ಸ್ಮೃತಿಯೂ ಚಿತ್ರಕಾರ. ಪಟ್ಟಿಕೆಕಾರನೂ ಚಿತ್ರಕಾರನಾದರೆ ಮೂಲವನ್ನು ಕಾಯುವವರಾರು? ಅವನು ಲಿಪಿಕಾರನಾಗಬೇಕು. ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರರು ಕಂಡಂತೆ ಬರೆದಿದ್ದೇನೆ, ತಪ್ಪು ನನ್ನದಲ್ಲ ಎಂದು ವಿಜ್ಞಾಪಿಸಿಕೊಳ್ಳುವುದನ್ನು ಕಂಡು ಕೆಲವರು ನಗುವರು. ಆ ವಿನಯದಲ್ಲಿ ಒಂದು ಶಾಸ್ತ್ರವೇ ಅಡಗಿದೆ.

ಇದೇ ಮನೆಯ ಜ್ಯೋತಿರಿಂದ್ರನಾಥರು ಬಂಧುಗಳ ಮತ್ತು ಅತಿಥಿಗಳ ಮುಖಗಳನ್ನು ಸೀಸಕಡ್ಡಿಯಿಂದ ಬರೆಯುತ್ತಿದ್ದರು. ಅವುಗಳಲ್ಲಿ 25ನ್ನು ಆಯ್ದು ರೋಥೆನ್‌ಸ್ಟೈನರು 1914ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಬಾವುಲ ಪದಗಳ ಲಾಲನ ಫಕೀರನ ಚಿತ್ರವೂ ಅವರ ಕೈಯದೇ. ಅದರ ಮೇಲೆ 1889ನೆಯ ಮೇ 5 ಎಂಬ ತಾರೀಖಿದೆ. ಲಾಲನನು ತೀರಿಕೊಂಡುದು 1890ರ ಅಕ್ಟೋಬರಿನಲ್ಲಿ. ತಾರೀಖಿಲ್ಲದಿದ್ದರೆ ಅದು ಯಾರೋ ವೃದ್ಧನ ಮುಖವಾಗಿ, ಅನಂತರ ಕಲ್ಪಿಸಿ ಬರೆದುದೆಂಬ ಸಂದೇಹಕ್ಕೂ ಎಡೆಯಾಗುತ್ತಿತ್ತು. ಆ ಒಂದು ಸಾಲಿನಿಂದ ಅದು ಇತಿಹಾಸದ ಸಾಕ್ಷ್ಯವಾಯಿತು. ಅಲ್ಪವೆಂದು ತೋರುವ ಅಂಕಿಗಳ ಬೆಲೆ ಇಂತಹುದು.

ರವೀಂದ್ರರ ಚಿತ್ರಗಳ ಪರಿಸ್ಥಿತಿಯಾದರೋ ಬೇರೆ. ಅವರು ಕುಂಚವನ್ನು ನೆಚ್ಚಿ ಹಿಡಿದುದು ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ. ಮೊದಲ ಪ್ರದರ್ಶನವು 1930ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಸುಮಾರು 2000 ಚಿತ್ರಗಳನ್ನು ಬರೆದರೂ ಅವಕ್ಕೆ ಹೆಸರಿಡಲು ಅವರು ಒಪ್ಪಲಿಲ್ಲ. ಹಲವಕ್ಕೆ ತಾರೀಖೂ ಇಲ್ಲ. ಪುತ್ರರಾದ ರಥೀಂದ್ರನಾಥರ ಶ್ರಮದಿಂದ 1942ರಲ್ಲಿ ಶಾಂತಿನಿಕೇತನದ ರವೀಂದ್ರಭವನವು ಸ್ಥಾಪಿತವಾಗಿ ಹಸ್ತಪ್ರತಿಗಳೊಡನೆ ಚಿತ್ರಗಳಿಗೂ ಆಶ್ರಯವಾಯಿತು. ಆದರೂ ಸಮಗ್ರವೆನ್ನಬಹುದಾದ ಪಟ್ಟಿಕೆ ಹೊರಬೀಳಲು 2011ರವರೆಗೆ ಕಾಯಬೇಕಾಯಿತು, ಆಗ ಆರ್. ಶಿವಕುಮಾರರ ಸಂಪಾದಕತ್ವದಲ್ಲಿ ರವೀಂದ್ರ ಚಿತ್ರಾವಳಿಯು 4 ಸಂಪುಟಗಳಲ್ಲಿ ಬಂದಿತು. ಅದೇ ವರ್ಷ ಕಲಕತ್ತೆಯಲ್ಲಿ ರವೀಂದ್ರರವೆಂದು ಪ್ರದರ್ಶಿಸಿದ 20 ಚಿತ್ರಗಳು ಅವರವಲ್ಲವೆಂದು ತಜ್ಞರು ನಿರ್ಣಯಿಸಬೇಕಾಗಿ ಬಂದಿತು. ಲೋಕವಿಖ್ಯಾತನಾದವನ ಕೃತಿಗಳಿಗೇ ಈ ಗತಿಯಾದರೆ, ಒಂದು ತಾಲ್ಲೂಕಿನೊಳಗೆ ಮಾತ್ರ ಹೆಸರಾದ ಚಿತ್ರಕಾರನ ಕೃತಿಗಳ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು.

ಎರಡನೆಯ ದೃಷ್ಟಾಂತಕ್ಕಾಗಿ ಕಾರವಾರದಿಂದ ಕರಾವಳಿಯ ದಾರಿಯಲ್ಲಿ ತೆಂಕಲಿಗೆ ಅಂಕೋಲೆಗೆ ಬರೋಣ. ಇಲ್ಲಿಂದ ಕುಮಟೆ ಹೊನ್ನಾವರಗಳವರೆಗೂ, ಬಡಗಲಿಗೆ ಗೋವೆಯ ಕಡೆಗೂ ಹರಡಿದ ಕಾವಿಕಲೆಯು ಗೋಡೆಯ ಮೇಲಣ ಚಿತ್ರವಿದ್ಯೆ. ಕಡಲ ಚಿಪ್ಪುಗಳನ್ನು ಸುಟ್ಟ ಸುಣ್ಣಕ್ಕೆ ಮರಳನ್ನೂ ಬೆಲ್ಲವನ್ನೂ ಸೇರಿಸಿ ಕೊಳೆಹಾಕಿ ಕುಟ್ಟಿ ಗೋಡೆಗೆ ಗಾರೆ ಮಾಡುವರು. ಅದರ ಮೇಲೆ ಕಾವಿಮಣ್ಣಿನ ಕೆಂಪು ಲೇಪವನ್ನು ಕೊಟ್ಟು, ಅದು ಹಸಿಯಾಗಿರುವಾಗಲೇ ಕಂಟವೆಂಬ ಉಕ್ಕಿನ ಮೊನೆಯಿಂದ ಗೀಚಿ, ಅಡಿಯ ಬಿಳುಪನ್ನು ಹೊರತೆಗೆಯುವರು. ಬಣ್ಣ ಎರಡೇ, ದೇವತೆಗಳೂ ಬಳ್ಳಿಗಳೂ ಮಂಡಲಗಳೂ ಆ ಎರಡರಲ್ಲಿಯೇ ಮೂಡುವವು. ಈ ಕೈಚಳಕವೂ ಯಾರದೋ ಅಜ್ಜನದು. ಆದರೆ ಬರೆದವನ ಹೆಸರು ಗೋಡೆಯ ಮೇಲೂ ಇಲ್ಲ, ಮನೆಯಲ್ಲಿಯೂ ಉಳಿಯಲಿಲ್ಲ. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದಲ್ಲಿ ಗೋಡೆ ಬಿದ್ದಾಗ ಚಿತ್ರವೂ ಬೀಳುವುದು. ಹಾಳೆಯಂತೆ ಅದನ್ನು ಎತ್ತಿಡಲಾಗದು. ಹೊನ್ನಾವರದವರಾದ ಕೃಷ್ಣಾನಂದ ಕಾಮತರು (1934–2002) ಊರೂರು ಅಲೆದು ಈ ಚಿತ್ರಗಳ ಛಾಯೆಯನ್ನು ತೆಗೆದು ವಿಧಾನವನ್ನು ಬರೆದಿಟ್ಟುದು ಮಹೋಪಕಾರ. ಅವರು ವೃತ್ತಿಯಿಂದ ಕೀಟಶಾಸ್ತ್ರಜ್ಞರು. ಪ್ರತ್ಯಕ್ಷವಾದುದನ್ನು ಲಕ್ಷಣಸಹಿತ ಗುರುತಿಸುವ ಆ ಶಾಸ್ತ್ರದ ಅಭ್ಯಾಸವು ಈ ಕಾರ್ಯಕ್ಕೆ ಸಹಾಯವಾಗಿರಬೇಕೆಂದು ನಮಗೆ ತೋರುವುದು.

ಈ ಎರಡನ್ನೂ ಹೋಲಿಸಿದಲ್ಲಿ ಸಿದ್ಧಾಂತವು ಸ್ಪಷ್ಟವಾಗುವುದು. ಬರೆಹವಿಲ್ಲದಿದ್ದಲ್ಲಿ ಕೃತಿಯು ಅನಾಥ. ಬರೆಹವು ಅವಿಚಾರಿತವಾದಲ್ಲಿ ಕೃತಿಯು ಪರಾಧೀನ. ಅಂಕೋಲೆಯ ಒಂದು ಮನೆಯಲ್ಲಿ ಅಜ್ಜನು ಬರೆದ ಸ್ತ್ರೀಯೊಬ್ಬಳ ಪಟವಿದೆಯೆಂದು ಭಾವಿಸೋಣ. ಕೊಡ ಹೊತ್ತು ನಿಂತಿದ್ದಾಳೆಂಬುದು ದೃಷ್ಟ. ಇವಳು ನಮ್ಮ ಅಜ್ಜಿಯೆಂದು ಅತ್ತೆಯವರು ಹೇಳುತ್ತಿದ್ದರೆಂಬುದು ಶ್ರುತ. ಇವಳು ಶಕುಂತಲೆಯಿರಬಹುದೆಂಬುದು ಊಹಿತ. ಮೊಮ್ಮಗಳು ಅಭಿಮಾನದಿಂದ ಪಟದ ಹಿಂಬದಿಯಲ್ಲಿ ‘ಶಕುಂತಲೆ’ ಎಂದು ಬರೆದಳೆನ್ನಿ. ಮುಂದಣ ತಲೆಮಾರಿಗೆ ಅದು ಅಜ್ಜನಿಟ್ಟ ಹೆಸರಾಗುವುದು. ಅಜ್ಜಿಯು ಊರ್ಮಿಳೆಯಂತೆ ಪಟದಲ್ಲಿದ್ದೂ ಇಲ್ಲವಾಗುವಳು. ಆದುದರಿಂದ ಈ ಮೂರನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯತಕ್ಕದ್ದು. ದೃಷ್ಟದಲ್ಲಿ ಉದ್ದಗಲ, ಹಲಗೆಯೋ ಬಟ್ಟೆಯೋ ಕಾಗದವೋ ಎಂಬುದು, ಬಣ್ಣದ ಜಾತಿ, ಸಹಿ, ಹಿಂಬದಿಯ ಬರೆಹ, ಕಲೆ ಹರುಕುಗಳು. ಶ್ರುತದಲ್ಲಿ ಹೇಳಿದವರ ಹೆಸರೂ ಹೇಳಿದ ದಿನವೂ. ಊಹಿತದಲ್ಲಿ ಕಾರಣವೂ ಊಹಿಸಿದವರ ಹೆಸರೂ. ಮೂಲಕ್ಕೆ ಬಣ್ಣ ಸವರಿ ಹೊಸದುಮಾಡುವುದು, ಹರಕು ಓಲೆಯ ಲುಪ್ತಾಕ್ಷರಗಳನ್ನು ಸ್ವಂತ ಕವಿತ್ವದಿಂದ ತುಂಬಿದಂತೆಯೇ ದೋಷಾವಹವು.

ಹೀಗಾದರೆ ಪಟ್ಟಿಕೆಯು ನೀರಸವಾಗದೇ, ಮನೆಯವರ ಪ್ರೀತಿಗೆ ಎಡೆಯೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಲಘುವಾದುದಲ್ಲ. ಷಡಂಗಗಳಲ್ಲಿ ಸಾದೃಶ್ಯವೆಂಬುದನ್ನು ನಿಶ್ಚಯಿಸಲು ಬಿಂಬವನ್ನು ಕಂಡವರೇ ಬೇಕು. ಈ ಮುಖ ಯಾರದು, ಈ ಗದ್ದೆಯ ಬದು ಯಾವುದು ಎಂಬುದನ್ನು ಮನೆಯ ವೃದ್ಧರಲ್ಲದೆ ಯಾವ ಪಂಡಿತನೂ ಹೇಳಲಾರನು. ಅವರು ಹೋದಮೇಲೆ ಶ್ರುತದ ಅಂಕಣವು ಎಂದೆಂದಿಗೂ ಬರಿದು. ಆದುದರಿಂದ ಪ್ರೀತಿಯನ್ನು ನಾವು ನಿರಾಕರಿಸುವುದಿಲ್ಲ; ಅದು ತನ್ನ ಸ್ಥಾನದಲ್ಲಿ, ತನ್ನ ಹೆಸರಿನಲ್ಲಿ ಮಾತನಾಡಲೆಂದಷ್ಟೇ ಕೇಳುತ್ತೇವೆ. ಲಕ್ಷ್ಮಣನು ನಾಚಲಿ, ರಾಮನು ನೋಯಲಿ. ಆದರೆ ಪಟ್ಟಿಕೆಯಲ್ಲಿ ಊರ್ಮಿಳೆಯ ಹೆಸರೂ ಮಂಥರೆಯ ಹೆಸರೂ ಇರಲಿ.

ನಮ್ಮ ಶಾಲೆಗಳ ಅಧ್ಯಾಪಕರು ತಮ್ಮ ಊರಿನ ಇಂತಹ ಒಂದೊಂದು ಮನೆಯಲ್ಲಿ ಕುಳಿತು ವೃದ್ಧರ ಮಾತನ್ನು ಈ ಕ್ರಮದಲ್ಲಿ ಬರೆಯಿಸಿಕೊಂಡರೆ, ಗ್ರಂಥಸಂಪಾದನೆಯ ಪಾಠವು ವಿದ್ಯಾರ್ಥಿಗಳಿಗೆ ಮನೆಯಂಗಳದಲ್ಲಿಯೇ ದೊರೆತಂತಾಗುವುದು. ಗೋಡೆಗಳೂ ವೃದ್ಧರೂ ನಮಗಾಗಿ ಕಾಯುವುದಿಲ್ಲವೆಂಬುದನ್ನು ನೆನಪುಮಾಡಿ, ವಿದ್ವಾಂಸರು ಈ ಕ್ರಮದ ಗುಣದೋಷಗಳನ್ನು ವಿಮರ್ಶಿಸಬೇಕೆಂದು ವಿಜ್ಞಾಪಿಸುತ್ತೇನೆ.