ಪಿಂಚನ್ ಕಟ್ಟಿದ ಬೆಲೆ

ವಿಲಿಯಂ ಪಿಂಚನ್ ಹೆಸರು ಉಳಿದಿರುವುದು ಬಾಸ್ಟನ್ನಿನಲ್ಲಿ ಸುಟ್ಟುಹೋದ ಪುಸ್ತಕದಿಂದ. ನನಗೆ ಮಾತ್ರ ಅದಕ್ಕಿಂತ ಅವನು ಮಾಡಿಸಿದ ಒಂದು ಕ್ರಯಪತ್ರವೇ ಹೆಚ್ಚು ಓದಿಸಿಕೊಳ್ಳುತ್ತದೆ. 1636ರ ಜುಲೈ 15ರಂದು ಕನೆಕ್ಟಿಕಟ್ ನದಿಯ ದಂಡೆಯಲ್ಲಿ 13 ಮಂದಿ ಮೂಲನಿವಾಸಿಗಳು ಗುರುತು ಹಾಕಿದ ಆ ಕಾಗದದಿಂದಲೇ ಇಂದಿನ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಹುಟ್ಟಿತು.

ಕೊಟ್ಟದ್ದು 18 ಮಾರು ಚಿಪ್ಪಿನ ಮಣಿಸರ, 18 ಅಂಗಿ, 18 ಕೊಡಲಿ, 18 ಗುದ್ದಲಿ, 18 ಚೂರಿ. ಇಷ್ಟೇ ಆಗಿದ್ದರೆ ಅಗ್ಗಕ್ಕೆ ಹೊಡೆದುಕೊಂಡ ನೆಲದ ಇನ್ನೊಂದು ಕತೆ ಎಂದು ಪುಟ ಮಗುಚಬಹುದಿತ್ತು. ಆದರೆ ಷರತ್ತುಗಳನ್ನು ನೋಡಿ. ಮೀನು ಹಿಡಿಯುವ, ಜಿಂಕೆ ಬೇಟೆಯಾಡುವ, ಅಕ್ರೋಟು, ಓಕ್ ಕಾಯಿ, ನೆಲದಡಿಯ ಗೆಡ್ಡೆಗಳನ್ನು ಆಯ್ದುಕೊಳ್ಳುವ ಹಕ್ಕು ಗುರುತು ಹಾಕಿದ ಅಗವಾಮ್ ಜನರಲ್ಲೇ ಉಳಿಯುತ್ತದೆ. ವಲಸಿಗರ ದನ ಅವರ ಬೆಳೆಗೆ ನುಗ್ಗಿದರೆ ನಷ್ಟದಷ್ಟು ತೆರಬೇಕು. ಓಕ್ ಕಾಯಿ ಉದುರುವ ಕಾಲ ಬಿಟ್ಟರೆ ಹಂದಿಗಳು ನದಿಯಾಚೆಯ ಅಗವಾಮ್ ಕಡೆಗೆ ಹೋಗಕೂಡದು. ಕಟ್ಟೋನಸ್ ಎಂಬವನು ತಾಯಿ ಕೆವೆನಸ್ಕಳ ಹೆಸರಿನಲ್ಲೂ ಗುರುತು ಹಾಕುತ್ತಾನೆ. ನೆಲ ಕೊಟ್ಟವರ ದನಿ ಇಷ್ಟು ಸ್ಪಷ್ಟವಾಗಿ ಕೇಳಿಸುವ ವಸಾಹತು ಕಾಗದ ಅಪರೂಪ. ನೆಲ ಮಾರಿ ಎದ್ದುಹೋಗುವವರ ಮಾತಲ್ಲ ಅದು, ನೆರೆಹೊರೆಯಾಗಿ ಬಾಳಲು ಒಪ್ಪಿದವರ ಮಾತು. ಪಿಂಚನ್ ಇದನ್ನು ಬರೆಸಿದ, ಸರಿ. ಅರ್ಥಮಾಡಿಕೊಂಡನೇ ಎಂಬುದೇ ನನ್ನ ತಕರಾರು.

ಇಂಗ್ಲೆಂಡಿನ ಎಸೆಕ್ಸ್‌ನವನಾದ ಅವನು 1630ರಲ್ಲಿ ಗವರ್ನರ್ ವಿಂತ್ರಪ್‌ನ ಹಡಗುಗಳ ಜೊತೆ ಬಂದ ಪ್ಯೂರಿಟನ್. ರಾಕ್ಸ್‌ಬರಿ ಊರು ಕಟ್ಟಿದ, ಮ್ಯಾಸಚೂಸೆಟ್ಸ್ ವಸಾಹತಿನ ಖಜಾಂಚಿಯಾದ, ಬೀವರ್ ತುಪ್ಪಳದ ವ್ಯಾಪಾರಕ್ಕಾಗಿ ನದಿಯ ಮೇಲ್ಭಾಗಕ್ಕೆ ಸರಿದ. ಪೀಕ್ವಾಟ್ ಜನರೊಡನೆ ವಲಸಿಗರು ಮಾಡಿದ ಯುದ್ಧದ ಬಳಿಕ ಕನೆಕ್ಟಿಕಟ್‌ನಲ್ಲಿ ಕಾಳಿಗೆ ಬರ ಬಿದ್ದಾಗ ಮೂಲನಿವಾಸಿಗಳಿಂದ ಮೆಕ್ಕೆಜೋಳ ಕೊಳ್ಳುವ ಹೊಣೆ ಇವನ ಮೇಲೆ ಬಿತ್ತು. ಬೆಲೆ ಏರಿಸಲೂ ಒಲ್ಲ, ಬೆದರಿಸಿ ಕಿತ್ತುಕೊಳ್ಳಲೂ ಒಲ್ಲ. ಅದಕ್ಕೆ 1638ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ನ್ಯಾಯಸಭೆ 40 ಬುಷೆಲ್ ಜೋಳದ ದಂಡ ಹಾಕಿತು. ಅವನು ಅದುವರೆಗೆ ಕನೆಕ್ಟಿಕಟ್ ಜೊತೆಗಿದ್ದ ತನ್ನ ಊರನ್ನೇ ಮ್ಯಾಸಚೂಸೆಟ್ಸ್‌ಗೆ ಸೇರಿಸಿಬಿಟ್ಟ. ಮೂಲನಿವಾಸಿಗಳು ನಮ್ಮ ಪ್ರಜೆಗಳಲ್ಲ, ಬಲವಂತ ಸಲ್ಲದು ಎಂಬ ಅವನ ನಿಲುವು ಆ ಕಾಲಕ್ಕೆ ದೊಡ್ಡದೇ. ತುಪ್ಪಳ ತಂದುಕೊಡುವವರನ್ನು ಕೆಣಕಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು. ಎರಡನ್ನೂ ಬೇರ್ಪಡಿಸುವುದು ಕಷ್ಟ.

ಇನ್ನು ಪುಸ್ತಕ. 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ದ ಮೆರಿಟೋರಿಯಸ್ ಪ್ರೈಸ್ ಆಫ್ ಅವರ್ ರಿಡೆಂಪ್ಷನ್’ನ ಹೆಸರಿನಲ್ಲೂ ಬೆಲೆಯೇ ಇದೆ. ಮನುಷ್ಯರ ಪಾಪಕ್ಕಾಗಿ ಕ್ರಿಸ್ತ ದೇವರ ಕೋಪವನ್ನೂ ನರಕಯಾತನೆಯನ್ನೂ ಉಂಡ ಎಂಬುದು ಪಾದ್ರಿಗಳ ಬೋಧನೆ. ಹಾಗಲ್ಲ, ಕ್ರಿಸ್ತನ ಪರಿಪೂರ್ಣ ವಿಧೇಯತೆಯೇ ಬಿಡುಗಡೆಯ ಬೆಲೆ ಎನ್ನುತ್ತಾನೆ ಪಿಂಚನ್. ವಾದದಲ್ಲಿ ತೂಕವಿದೆ, ಬರವಣಿಗೆ ಒಣಕಲು. ವ್ಯಾಪಾರಿ ಮತ್ತು ಧರ್ಮಪಂಡಿತರ ಸಂವಾದದ ರೂಪ ಕೊಟ್ಟವನು, ಉತ್ತರಗಳನ್ನೆಲ್ಲ ಪಂಡಿತನ ಬಾಯಲ್ಲಿಟ್ಟು ವ್ಯಾಪಾರಿಯನ್ನು ಪ್ರಶ್ನೆ ಕೇಳಲಿಕ್ಕಷ್ಟೇ ನಿಲ್ಲಿಸಿದ್ದಾನೆ. ಕ್ರಯಪತ್ರದಲ್ಲಿದ್ದ ಕೊಡಲಿ, ಹಂದಿ, ಗೆಡ್ಡೆಗಳ ಕಸುವು ಇಲ್ಲಿ ಹುಡುಕಿದರೂ ಸಿಗದು. ಆದರೂ ವಸಾಹತಿನ ಸಭೆ ಬೆದರಿತು. ಪೇಟೆ ಬೀದಿಯಲ್ಲಿ ಅದನ್ನು ಸುಡಿಸಿತು.

ಇಷ್ಟಕ್ಕೇ ಅವನನ್ನು ಮುಕ್ತಚಿಂತನೆಯ ಹುತಾತ್ಮ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. 1651ರಲ್ಲಿ, ತಾನೇ ಪಾಷಂಡಿ ಎನಿಸಿಕೊಂಡಿದ್ದ ಹೊತ್ತಿನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನ ಹ್ಯೂ ಮತ್ತು ಮೇರಿ ಪಾರ್ಸನ್ಸ್ ದಂಪತಿಯ ಮೇಲೆ ಮಾಟದ ಆರೋಪ ಬಂದಾಗ ಮ್ಯಾಜಿಸ್ಟ್ರೇಟನಾಗಿ ಕೂತು ನೆರೆಯವರ ಸಾಕ್ಷ್ಯಗಳನ್ನು ಒಂದೊಂದಾಗಿ ದಾಖಲಿಸಿಕೊಂಡವನೂ ಇವನೇ. ಅಂಗಡಿಯ ಲೆಕ್ಕ ಬರೆಯುವಷ್ಟೇ ನಿಷ್ಠೆ ಅಲ್ಲಿಯೂ.

1652ರಲ್ಲಿ ಅವನು ಇಂಗ್ಲೆಂಡಿಗೆ ಮರಳಿದ, ಹತ್ತು ವರ್ಷದ ಬಳಿಕ ರೇಸ್‌ಬರಿಯಲ್ಲಿ ತೀರಿಕೊಂಡ. ವ್ಯಾಪಾರ ಮಗ ಜಾನನ ಕೈಗೆ ಬಂತು. ಬೀವರ್ ಕಡಿಮೆಯಾಗುತ್ತಿದ್ದಂತೆ ಜಾನ್ ಬಟ್ಟೆ, ಮಣಿಸರಗಳನ್ನು ಕಡ ಕೊಟ್ಟು ನೆಲವನ್ನೇ ಒತ್ತೆ ಇಟ್ಟುಕೊಳ್ಳತೊಡಗಿದ. ನಾರ್ವಾಟಕ್‌ನ ಮುಖಂಡ ಉಂಪಾಂಚೆಲಾನ ಸಾಲದ ಲೆಕ್ಕ ಜಾನನ ಖಾತೆಪುಸ್ತಕದಲ್ಲಿದೆ. ಕೊನೆಗೆ ಉಂಪಾಂಚೆಲಾನ ನೆಲವೇ ಹೋಯಿತು. ತಂದೆಯ ಪತ್ರದಲ್ಲಿದ್ದ ಗೆಡ್ಡೆ-ಕಾಯಿಗಳ ಷರತ್ತಿಗೆ ಮಗನ ಖಾತೆಯಲ್ಲಿ ಕಲಂ ಇರಲಿಲ್ಲ.

1675ರ ಅಕ್ಟೋಬರ್ 5ರಂದು, ವಲಸಿಗರ ವಿರುದ್ಧ ಎದ್ದ ಮೂಲನಿವಾಸಿಗಳ ಜೊತೆ ಅಗವಾಮ್ ಜನರೂ ಸೇರಿ ಸ್ಪ್ರಿಂಗ್‌ಫೀಲ್ಡ್‌ಗೆ ಬೆಂಕಿಯಿಟ್ಟರು. ಊರಿನ ಹೆಚ್ಚಿನ ಮನೆಗಳ ಜೊತೆ ಜಾನನ ಗಿರಣಿಯೂ ಸುಟ್ಟುಹೋಯಿತು.