ತಡೆಗೋಡೆ ಮತ್ತು ಅಲಂಕಾರ: ನಗರದ ಭದ್ರತಾ ತಡೆಗಳ ಮೇಲಿನ ಚಿತ್ರಕಲೆಯನ್ನು ಕುರಿತು

ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಅನೇಕ ನಗರಗಳ ಬೀದಿಗಳಲ್ಲಿ ಕಾಂಕ್ರೀಟಿನ ಭದ್ರತಾ ತಡೆಗಳು ನೆಲೆಯೂರಿವೆ. ಅವುಗಳ ಬೆನ್ನಿಗೇ ಬಣ್ಣದ ಡಬ್ಬಿ ಹಿಡಿದ ಸ್ಥಳೀಯ ಕಲಾವಿದರೂ ಬಂದಿದ್ದಾರೆ. ಕಲಾವಿದರು ಇಂತಹ ತಡೆಗಳನ್ನು ಅಲಂಕರಿಸಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ನಗರ ಸೌಂದರ್ಯೀಕರಣದ ಒಂದು ಸಣ್ಣ ವಿಷಯವೆನಿಸಬಹುದು. ಆದರೆ ಸಾರ್ವಜನಿಕ ಸ್ಥಳ ಯಾರದು, ಭಯವನ್ನು ಯಾವ ರೂಪದಲ್ಲಿ ನೋಡಬೇಕು, ಕಲೆ ಅಧಿಕಾರಕ್ಕೆ ಎಷ್ಟರಮಟ್ಟಿಗೆ ಒದಗಬೇಕು ಎಂಬ ಪ್ರಶ್ನೆಗಳು ಅದರಲ್ಲಿ ಅಡಗಿವೆ. ಕೆಲವು ನಗರಗಳ ನಿದರ್ಶನಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

೨೦೧೬ರ ಜುಲೈ ೧೪ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಜನಸಂದಣಿಯ ಮೇಲೆ ಲಾರಿ ಹರಿಸಿ ೮೬ ಮಂದಿಯನ್ನು ಕೊಲ್ಲಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ನಿನ ಕ್ರಿಸ್‌ಮಸ್ ಸಂತೆಯಲ್ಲಿ ಅಂಥದೇ ದಾಳಿ ನಡೆಯಿತು. ೨೦೧೭ರ ಜನವರಿ ೨೦ರಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಬರ್ಕ್ ಬೀದಿಯಲ್ಲಿ ಒಬ್ಬಾತ ಕಾರು ನುಗ್ಗಿಸಿದಾಗ ಆರು ಮಂದಿ ಸತ್ತರು. ಜೂನ್ ತಿಂಗಳಿನಲ್ಲಿ ಲಂಡನ್ ಸೇತುವೆಯ ದಾಳಿ ನಡೆದ ಮೇಲೆ ಮೆಲ್ಬರ್ನ್ ಆಡಳಿತವು ಫೆಡರೇಷನ್ ಚೌಕ, ಫ್ಲಿಂಡರ್ಸ್ ಬೀದಿಯ ರೈಲು ನಿಲ್ದಾಣ ಮೊದಲಾದೆಡೆ ದೊಡ್ಡ ದೊಡ್ಡ ಕಾಂಕ್ರೀಟ್ ದಿಮ್ಮಿಗಳನ್ನು ತಂದಿರಿಸಿತು. ಕೆಲವೇ ದಿನಗಳಲ್ಲಿ ನಾಗರಿಕರೂ ಕಲಾವಿದರೂ ಅವುಗಳಿಗೆ ಬಣ್ಣದ ಬಟ್ಟೆ ಹೊದಿಸಿದರು, ಚಿತ್ರ ಬರೆದರು. ಗೋಡೆಚಿತ್ರಗಳಿಗೆ ಹೆಸರಾದ ಓಣಿಗಳುಳ್ಳ ಆ ನಗರದಲ್ಲಿ ಇದು ಸಹಜವಾಗಿಯೇ ಇತ್ತು. ಆಗಸ್ಟಿನಲ್ಲಿ ಬಾರ್ಸಿಲೋನಾ ದಾಳಿಯ ಬಳಿಕ ಇಟಲಿಯ ಮಿಲಾನ್ ನಗರದಲ್ಲಿಯೂ ತಡೆಗಳ ಮೇಲೆ ಬೀದಿ ಚಿತ್ರಕಾರರು ಕೈಯಾಡಿಸಿದರು.

ಅಲಂಕಾರದ ಪರವಾದ ವಾದವನ್ನು ಲಘುವಾಗಿ ಕಾಣುವಂತಿಲ್ಲ. ಬೂದುಬಣ್ಣದ ದಿಮ್ಮಿ ದಾರಿಹೋಕನಿಗೆ ದಿನವೂ ದಾಳಿಯ ನೆನಪನ್ನು ತರುತ್ತದೆ; ಭಯವನ್ನು ಬಿತ್ತುವುದೇ ದಾಳಿಕೋರನ ಗುರಿಯಾಗಿರುವಾಗ, ಆ ನೆನಪನ್ನು ಹಗುರಗೊಳಿಸುವುದೂ ಒಂದು ಬಗೆಯ ಪ್ರತಿರೋಧವೇ. ತಮ್ಮನ್ನು ಕೇಳದೆ ಇಟ್ಟ ವಸ್ತುವೊಂದನ್ನು ಜನ ತಮ್ಮದಾಗಿಸಿಕೊಳ್ಳುವ ಕ್ರಮವೂ ಅದರಲ್ಲಿದೆ. ಮೆಲ್ಬರ್ನಿನ ಬಟ್ಟೆಯ ಹೊದಿಕೆಗಳು ಯಾರ ಆದೇಶದಿಂದಲೂ ಬಂದವಲ್ಲ ಎಂಬುದು ಇಲ್ಲಿ ಗಮನಾರ್ಹ.

೨

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಅಲಂಕಾರದ ಚರ್ಚೆ ಅಲಂಕಾರ್ಯದ ಚರ್ಚೆಯನ್ನು ಬಿಟ್ಟು ನಡೆಯುವುದಿಲ್ಲ. ಒಡವೆಯನ್ನು ಕುರಿತು ಮಾತಾಡುವ ಮುನ್ನ ಅದನ್ನು ತೊಡುವ ಮೈಯಾವುದೆಂದು ಕೇಳಬೇಕು. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಪಾಟಲಾಗುತ್ತದೆಂದು ಕ್ಷೇಮೇಂದ್ರ ಔಚಿತ್ಯವನ್ನು ವಿವರಿಸುತ್ತಾನೆ. ಆನಂದವರ್ಧನ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳಿದ್ದಾನೆ. ಅಲಂಕಾರ ಎಂದೂ ಅಂಗವಾಗಿಯೇ ಇರಬೇಕು, ಅಂಗಿಯಾಗಬಾರದು. ಅದನ್ನು ಸಕಾಲದಲ್ಲಿ ಕೈಗೆತ್ತಿಕೊಳ್ಳಬೇಕು, ಸಕಾಲದಲ್ಲಿ ಕೈಬಿಡಲೂ ಬೇಕು ಎಂಬುದು ಅವನ ಅಭಿಪ್ರಾಯ.

ಕಾವ್ಯದ ಸೂತ್ರವನ್ನು ಕಾಂಕ್ರೀಟಿಗೆ ಅನ್ವಯಿಸುವುದು ಎಳೆದು ತಂದಂತೆ ತೋರಬಹುದು. ಆದರೂ ಪ್ರಸ್ತುತ ಸಮಸ್ಯೆಯ ತಿರುಳು ಇದೇ. ಇಲ್ಲಿ ಅಲಂಕಾರ್ಯ ಯಾವುದು? ತಡೆಯೋ, ತಡೆ ನಿಂತಿರುವ ಬೀದಿಯೋ? ತಡೆಯೇ ಅಲಂಕಾರ್ಯವೆಂದು ಬಗೆದರೆ ಚಿತ್ರ ಅದನ್ನು ಚೆಲುವಾಗಿಸಿ ಅಲ್ಲಿಯೇ ನೆಲೆಗೊಳಿಸುತ್ತದೆ. ಬೀದಿಯೇ ಅಲಂಕಾರ್ಯವೆಂದು ಬಗೆದರೆ ಚಿತ್ರ ತಡೆಯ ಮೇಲಿದ್ದೂ ಬೀದಿಯ ಪರವಾಗಿ ಮಾತಾಡುತ್ತದೆ. ಮುಂದಿನ ನಿದರ್ಶನಗಳನ್ನು ಈ ಭೇದದ ಬೆಳಕಿನಲ್ಲಿ ನೋಡಬಹುದು.

೩

ಈಜಿಪ್ಟಿನ ಕೈರೋ ನಗರದಲ್ಲಿ ೨೦೧೧ರ ಕೊನೆಯಲ್ಲಿ ಮತ್ತು ೨೦೧೨ರ ಆರಂಭದಲ್ಲಿ, ಪ್ರತಿಭಟನಕಾರರನ್ನು ತಡೆಯಲು ಸೇನಾಡಳಿತವು ತಹ್ರೀರ್ ಚೌಕದ ಸುತ್ತಲಿನ ಬೀದಿಗಳಿಗೆ ಅಡ್ಡಲಾಗಿ ಕಾಂಕ್ರೀಟ್ ದಿಮ್ಮಿಗಳ ಗೋಡೆಗಳನ್ನು ಕಟ್ಟಿತು. ೨೦೧೨ರ ಮಾರ್ಚಿನಲ್ಲಿ ಕಲಾವಿದರು ಅವುಗಳ ಮೇಲೆ ಚಿತ್ರ ಬರೆದರು. ಶೇಖ್ ರೀಹಾನ್ ಬೀದಿಯ ಗೋಡೆಯ ಮೇಲೆ ಅವರು ಬರೆದದ್ದು ಬೇರೇನನ್ನೂ ಅಲ್ಲ, ಗೋಡೆಯ ಆಚೆ ಮುಂದುವರಿಯುವ ಅದೇ ಬೀದಿಯನ್ನು. ಕಟ್ಟಡಗಳು, ಮರಗಳು, ದೂರಕ್ಕೆ ಸಾಗುವ ರಸ್ತೆ ಎಲ್ಲವೂ ಕಣ್ಣಳತೆಗೆ ಸರಿಯಾಗಿ ಮೂಡಿದವು. ದೂರದಿಂದ ಗೋಡೆ ಇಲ್ಲವೆನಿಸುತ್ತದೆ. ಹತ್ತಿರ ಹೋದಂತೆ ಗೋಡೆ ಇನ್ನಷ್ಟು ಬಲವಾಗಿ ಕಾಣುತ್ತದೆ. ಚಿತ್ರ ಚೆನ್ನಾಗಿದ್ದಷ್ಟೂ ಗೋಡೆಯ ಅನ್ಯಾಯ ಸ್ಪಷ್ಟವಾಗುತ್ತದೆ. ಆ ಬೀದಿಯಲ್ಲಿ ನಡೆದಾಡಿದವರಷ್ಟೇ ಬರೆಯಬಲ್ಲ ಚಿತ್ರವದು. ಕಲಾವಿದ ಸ್ಥಳೀಯನಾಗಿರಬೇಕೆಂಬ ಮಾತಿಗೆ ನಿಜವಾದ ಅರ್ಥ ಬರುವುದು ಇಲ್ಲಿಯೇ.

ಅಫ್ಘಾನಿಸ್ತಾನದ ಕಾಬೂಲಿನ ನಿದರ್ಶನ ಇನ್ನೊಂದು ಬಗೆಯದು. ೨೦೧೪ರಲ್ಲಿ ಆರಂಭವಾದ ‘ಆರ್ಟ್‌ಲಾರ್ಡ್ಸ್’ ಎಂಬ ಕಲಾವಿದರ ತಂಡವು ಕಚೇರಿಗಳನ್ನು ಸುತ್ತುವರಿದ ಸ್ಫೋಟನಿರೋಧಕ ಗೋಡೆಗಳನ್ನೇ ಚಿತ್ರಭಿತ್ತಿಯಾಗಿಸಿಕೊಂಡಿತು. ಭ್ರಷ್ಟಾಚಾರವನ್ನು ಗಮನಿಸುವ ಎರಡು ಬೃಹತ್ ಕಣ್ಣುಗಳು ಅದರ ಆರಂಭದ ಪ್ರಸಿದ್ಧ ಚಿತ್ರ. ದಾರಿಹೋಕರಿಗೂ ಕುಂಚ ಕೊಟ್ಟು ಬಣ್ಣ ತುಂಬಿಸುವುದು ಆ ತಂಡದ ಪದ್ಧತಿಯಾಗಿತ್ತು. ೨೦೨೧ರ ಆಗಸ್ಟ್ ೧೫ರಂದು ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡ ಕೆಲವೇ ವಾರಗಳಲ್ಲಿ ಅನೇಕ ಚಿತ್ರಗಳಿಗೆ ಸುಣ್ಣ ಬಳಿದು ಘೋಷಣೆಗಳನ್ನು ಬರೆಯಲಾಯಿತು. ತಡೆಗೋಡೆ ಎಂದಿಗೂ ಅಧಿಕಾರದಲ್ಲಿರುವವರ ಸ್ವತ್ತು. ಕಲಾವಿದನಿಗೆ ಅದು ಸಿಗುವುದು ಎರವಲಾಗಿ ಮಾತ್ರ. ಆ ಎರವಲಿನ ಅವಧಿಯಲ್ಲಿಯೂ ಗೋಡೆಯ ಒಡೆಯನನ್ನೇ ಪ್ರಶ್ನಿಸಿದ್ದು ಕಾಬೂಲಿನ ಚಿತ್ರಗಳ ಹಿರಿಮೆ.

ಇವಕ್ಕೆ ಎದುರಾಗಿ ಬೆಲ್‌ಫಾಸ್ಟ್ ನಗರವನ್ನು ಇರಿಸಿ ನೋಡಬೇಕು. ಉತ್ತರ ಐರ್ಲೆಂಡಿನ ಈ ನಗರದಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ವಸತಿಗಳ ನಡುವೆ ೧೯೬೯ರಲ್ಲಿ ತಾತ್ಕಾಲಿಕವೆಂದು ಎದ್ದ ಗೋಡೆಗಳು ಕಾಲಕ್ರಮದಲ್ಲಿ ಎತ್ತರವಾದವು, ಉದ್ದವಾದವು. ಅವುಗಳನ್ನು ೨೦೨೩ರೊಳಗೆ ತೆಗೆಯುವುದಾಗಿ ಅಲ್ಲಿನ ಆಡಳಿತ ೨೦೧೩ರಲ್ಲಿ ಘೋಷಿಸಿತು. ಆ ಗಡುವು ಮುಗಿದರೂ ಬಹುಪಾಲು ಗೋಡೆಗಳು ನಿಂತೇ ಇದ್ದವು. ಅದಕ್ಕೆ ಮುಖ್ಯ ಕಾರಣ ನಿವಾಸಿಗಳ ಆತಂಕವೇ ಹೊರತು ಚಿತ್ರಗಳಲ್ಲ. ಆದರೂ ಆ ಚಿತ್ರಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ, ಗೋಡೆಯ ಮೇಲೆ ತಮ್ಮ ಹೆಸರು ಬರೆದು ಹೋಗುತ್ತಾರೆ. ವಿಭಜನೆಯ ಗುರುತಾಗಿದ್ದ ಗೋಡೆ ಪ್ರೇಕ್ಷಣೀಯ ತಾಣವಾಗಿದೆ. ಕೈಬಿಡುವ ಕಾಲ ಮೀರಿದ ಅಲಂಕಾರವೆಂದರೆ ಇದು.

೪

ಕರ್ನಾಟಕಕ್ಕೆ ಬಂದರೆ, ಭದ್ರತಾ ತಡೆಗಳ ಮೇಲೆ ಚಿತ್ರ ಬರೆಯಿಸಿದ್ದಕ್ಕಿಂತ ಸಾರ್ವಜನಿಕ ಗೋಡೆಗಳ ಮೇಲೆ ಬರೆಯಿಸಿದ ಅನುಭವವೇ ನಮಗೆ ಹೆಚ್ಚು ಪರಿಚಿತ. ೨೦೦೯ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮುಖ್ಯ ರಸ್ತೆಗಳ ಗೋಡೆಗಳ ಮೇಲೆ ಹಂಪಿ, ಮೈಸೂರು ಅರಮನೆ, ಜೋಗ ಜಲಪಾತ, ವನ್ಯಮೃಗಗಳ ಚಿತ್ರಗಳನ್ನು ಬರೆಯಿಸಿತು. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಅದರಿಂದ ದುಡಿಮೆ ದೊರೆಯಿತು. ಇದು ಕಡಿಮೆ ಸಾಧನೆಯಲ್ಲ. ಆದರೆ ಆ ಚಿತ್ರಗಳು ತಾವಿದ್ದ ಬೀದಿಯನ್ನು ಕುರಿತು ಏನನ್ನೂ ಹೇಳುತ್ತಿರಲಿಲ್ಲ. ಯಾವ ಗೋಡೆಯ ಚಿತ್ರವನ್ನು ಯಾವ ಗೋಡೆಗೆ ಬದಲಾಯಿಸಿದರೂ ನಡೆಯುತ್ತಿತ್ತು. ಕೈ ಸ್ಥಳೀಯವಾಗಿತ್ತು, ವಸ್ತು ಪ್ರವಾಸೋದ್ಯಮದ ಪಟ್ಟಿಯದಾಗಿತ್ತು. ಭಿತ್ತಿಪತ್ರ ಅಂಟಿಸುವವರನ್ನು ದೂರವಿಡುವ ಕಾವಲಿನ ಕೆಲಸವೂ ಚಿತ್ರದ ಪಾಲಿಗೆ ಬಂದಿತ್ತು.

ಇನ್ನು ನಮ್ಮ ಪೊಲೀಸ್ ಬ್ಯಾರಿಕೇಡುಗಳು ಖಾಲಿಯಾಗಿವೆಯೇ? ಅವುಗಳ ಮೇಲೆ ಪ್ರಾಯೋಜಕರ ಹೆಸರುಗಳು, ಆಭರಣ ಮಳಿಗೆ ಆಸ್ಪತ್ರೆಗಳ ಜಾಹೀರಾತುಗಳು ರಾರಾಜಿಸುವುದನ್ನು ನಾವು ಕಂಡಿದ್ದೇವೆ. ಸಾರ್ವಜನಿಕ ಭದ್ರತೆಯ ಸಲಕರಣೆಯನ್ನು ವಾಣಿಜ್ಯಕ್ಕೆ ಬಿಟ್ಟುಕೊಟ್ಟಾಗ ಆಕ್ಷೇಪಿಸದವರು, ಕಲಾವಿದ ಕುಂಚ ಹಿಡಿದಾಗ ಮಾತ್ರ ಔಚಿತ್ಯದ ಪ್ರಶ್ನೆ ಎತ್ತುವುದು ನ್ಯಾಯವಲ್ಲ.

೫

ತಡೆಯ ಉಪಯೋಗಕ್ಕೆ ಸಂಬಂಧಿಸಿದ ಮಿತಿಗಳೂ ಉಂಟು. ಅದು ಚಾಲಕನಿಗೆ ರಾತ್ರಿಯಲ್ಲಿಯೂ ಕಾಣಬೇಕು. ದೃಷ್ಟಿ ಮಂದವಾದವರಿಗೆ ನೆಲದ ಬಣ್ಣದೊಡನೆ ಬೆರೆತುಹೋಗಬಾರದು. ಬಿರುಕುಗಳ ತಪಾಸಣೆಗೆ ಅಡ್ಡಿಯಾಗಬಾರದು. ಲಂಡನ್ನಿನ ಆರ್ಸೆನಲ್ ಕ್ರೀಡಾಂಗಣದ ಮುಂದೆ ತಂಡದ ಹೆಸರಿನ ಬೃಹತ್ ಕಾಂಕ್ರೀಟ್ ಅಕ್ಷರಗಳೇ ವಾಹನಗಳನ್ನು ತಡೆಯುತ್ತವೆ. ಇದು ಜಾಣ್ಮೆಯ ವಿನ್ಯಾಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿ ತಡೆ ತಡೆಯಾಗಿ ಕಾಣುವುದೇ ಇಲ್ಲ. ಕಾಣದ ತಡೆಯನ್ನು ಏಕೆ ಇಟ್ಟಿದ್ದಾರೆ, ಎಂದು ತೆಗೆಯುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಒಟ್ಟಾರೆಯಾಗಿ, ಸ್ಥಳೀಯ ಕಲಾವಿದರು ಭದ್ರತಾ ತಡೆಗಳ ಮೇಲೆ ಚಿತ್ರ ಬರೆಯಬೇಕು, ಆದರೆ ತಡೆಯನ್ನು ಅಲಂಕರಿಸಲು ಅಲ್ಲ ಎಂಬ ನಿಲುವಿಗೆ ಬರಬಹುದು. ಅದಕ್ಕೆ ಮೂರು ನಿಬಂಧನೆಗಳು ಅಗತ್ಯ. ಮೊದಲನೆಯದಾಗಿ, ತಡೆಯನ್ನು ಮರುಪರಿಶೀಲಿಸುವ ದಿನಾಂಕ ನಿಗದಿಯಾಗಿರಬೇಕು. ಚಿತ್ರ ಚೆನ್ನಾಗಿದೆ ಎಂಬ ಕಾರಣಕ್ಕೆ ತಡೆ ಉಳಿಯಕೂಡದು. ಎರಡನೆಯದಾಗಿ, ವಸ್ತುವಿನ ಆಯ್ಕೆ ಕಲಾವಿದನದಾಗಿರಬೇಕು. ತಡೆಯನ್ನೇ ವಿರೋಧಿಸುವ ಚಿತ್ರಕ್ಕೂ ಅಲ್ಲಿ ಎಡೆಯಿರಬೇಕು. ಮೂರನೆಯದಾಗಿ, ಆಡಳಿತವೇ ಬರೆಯಿಸುವುದಾದರೆ ತಕ್ಕ ಸಂಭಾವನೆ ಕೊಡಬೇಕು. ಸೇವೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳಬಾರದು. ಮೆಲ್ಬರ್ನಿನ ತಾತ್ಕಾಲಿಕ ದಿಮ್ಮಿಗಳನ್ನು ಮುಂದಿನ ವರ್ಷಗಳಲ್ಲಿ ತೆಗೆದು ಬೇರೆ ವ್ಯವಸ್ಥೆ ಮಾಡುತ್ತ ಬಂದಾಗ ಅವುಗಳ ಮೇಲಿನ ಬಣ್ಣವೂ ಜೊತೆಗೇ ಹೋಯಿತು. ಅದನ್ನು ಕಲೆಗಾದ ನಷ್ಟವೆಂದು ಎಣಿಸಬೇಕಾಗಿಲ್ಲ. ತಡೆಯ ಮೇಲಿನ ಚಿತ್ರದ ಸಾರ್ಥಕ್ಯವನ್ನು ಅದು ಬಾಳಿದ ಕಾಲದಿಂದ ಅಳೆಯುವಂತಿಲ್ಲ. ತಡೆಯಾಚೆಗಿನ ಬೀದಿಯನ್ನು ಅದು ಜನರ ಮನಸ್ಸಿನಲ್ಲಿ ಉಳಿಸಿತೇ ಎಂಬುದೇ ವಿಮರ್ಶಕ ಕೇಳಬೇಕಾದ ಪ್ರಶ್ನೆ.