ಮಣಿಕಟ್ಟಿನ ಹಸಿರು ದೀಪವನ್ನು ಎಷ್ಟು ನಂಬಬೇಕು?

ಓಟಗಾರರ ಹರಟೆಯಲ್ಲಿ ಈಗ ಶೂಗಿಂತ ವಾಚಿನ ಮಾತೇ ಜಾಸ್ತಿ. ಎಷ್ಟು ದೂರ ಓಡಿದಿರಿ ಎಂದು ಕೇಳುವ ಮೊದಲೇ ಹಾರ್ಟ್‌ರೇಟ್ ಎಷ್ಟಿತ್ತು ಎಂಬ ಪ್ರಶ್ನೆ ಬರುತ್ತದೆ. ಕೇಳಲಿ, ತಪ್ಪೇನಿಲ್ಲ. ಆದರೆ ಆ ಅಂಕಿ ಹುಟ್ಟುವುದು ಹೇಗೆ ಎಂಬುದೂ ಗೊತ್ತಿರಬೇಕು.

ವಾಚನ್ನು ತಿರುಗಿಸಿ ನೋಡಿ, ಬೆನ್ನಲ್ಲಿ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ರಕ್ತನಾಳಗಳು ತುಂಬಿಕೊಂಡು, ಮರಳಿ ಬರುವ ಬೆಳಕು ತುಸು ತಗ್ಗುತ್ತದೆ. ಈ ಏರಿಳಿತವನ್ನು ಎಣಿಸಿ ವಾಚು ನಾಡಿ ಹೇಳುತ್ತದೆ. ಕೂತಾಗ, ಮಲಗಿದಾಗ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಓಡುವಾಗ ಮಾತ್ರ ಪ್ರತಿ ಹೆಜ್ಜೆಗೂ ವಾಚು ಕುಲುಕಿ, ಆ ಏರಿಳಿತದಲ್ಲಿ ಹೆಜ್ಜೆಯ ತಾಳವೂ ಬೆರೆಯುತ್ತದೆ. ನಿಮಿಷಕ್ಕೆ 170 ಹೆಜ್ಜೆ ಹಾಕುವವರು ಆರಾಮಾಗಿ ಮಾತಾಡಿಕೊಂಡು ಓಡುವಾಗಲೂ ವಾಚು 170 ಎಂದರೆ, ಅದು ಎಣಿಸುತ್ತಿರುವುದು ಬಹುಶಃ ಕಾಲನ್ನು, ಹೃದಯವನ್ನಲ್ಲ. ಬೆಳಗಿನ ಚಳಿ, ಮಣಿಕಟ್ಟಿನ ಹಚ್ಚೆ, ಸಡಿಲ ಪಟ್ಟಿ ಇವೂ ಲೆಕ್ಕ ತಪ್ಪಿಸುತ್ತವೆ. ಅದಕ್ಕೇ ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಜಾರದಂತೆ ಕಟ್ಟಬೇಕು.

ಎದೆಗೆ ಕಟ್ಟುವ ಸ್ಟ್ರಾಪಿನ ದಾರಿಯೇ ಬೇರೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. 1977ರಲ್ಲಿ ಫಿನ್ಲೆಂಡಿನಲ್ಲಿ ಶುರುವಾದ ಪೋಲಾರ್ ಕಂಪನಿ, ತಂತಿಯಿಲ್ಲದೆ ಎದೆಬಡಿತ ತೋರಿಸುವ ಸಾಧನವನ್ನು 1982ರಲ್ಲೇ ಮಾರುಕಟ್ಟೆಗೆ ತಂದಿತ್ತು. ಇಷ್ಟು ಹಳೆಯ ಉಪಾಯ ಇಂದಿಗೂ ಹಿಂದೆ ಬಿದ್ದಿಲ್ಲ. ಟ್ರ್ಯಾಕಿನಲ್ಲಿ 400 ಮೀಟರ್ ಇಂಟರ್ವಲ್, ಅಂದರೆ ನಡುನಡುವೆ ಬಿಡುವು ಕೊಟ್ಟು ಬಿರುಸಿನ ಸುತ್ತುಗಳನ್ನು ಓಡಿದರೆ ಇದು ಅನುಭವಕ್ಕೆ ಬರುತ್ತದೆ: ಮಣಿಕಟ್ಟಿನ ಅಂಕಿ ಮೇಲೇರುವ ಹೊತ್ತಿಗೆ ಸುತ್ತು ಮುಗಿಯುತ್ತ ಬಂದಿರುತ್ತದೆ, ಸ್ಟ್ರಾಪ್ ಬಡಿತದ ಬೆನ್ನಿಗೇ ಇರುತ್ತದೆ. ಕಟ್ಟುವ ಮುನ್ನ ಒಳಬದಿಯನ್ನು ನೀರಿನಿಂದ ಒದ್ದೆ ಮಾಡಿ. ಒಣಗಿದ್ದರೆ ಅದೂ ಮೊದಲ ಕೆಲವು ನಿಮಿಷ ಏನೇನೋ ಹೇಳುತ್ತದೆ.

ಸಾಧನ ಸರಿಯಿದ್ದರೂ ಸೂತ್ರ ಕೈಕೊಡಬಹುದು. 220ರಿಂದ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಎಂಬ ಲೆಕ್ಕವನ್ನು ನಂಬಿ ಜೋನ್, ಅಂದರೆ ಹಗುರದಿಂದ ಬಿರುಸಿನವರೆಗಿನ ಎದೆಬಡಿತದ ಹಂತಗಳನ್ನು ಹಾಕಿಕೊಳ್ಳುವವರು ಬಹಳ. ನಲವತ್ತರವರಿಗೆ ಅದು 180 ಎನ್ನುತ್ತದೆ. ಅದು ಸರಾಸರಿಯಷ್ಟೇ. ಪೂರ್ಣ ಆರೋಗ್ಯವಂತರಲ್ಲೇ ಒಬ್ಬರದು 170, ಇನ್ನೊಬ್ಬರದು 190 ಇರಬಹುದು. 2001ರಲ್ಲಿ ಸಂಶೋಧಕ ತನಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ಅರವತ್ತರವರಿಗೆ ಹಳೆಯ ಲೆಕ್ಕ 160 ಕೊಟ್ಟರೆ ಇದು 166 ಕೊಡುತ್ತದೆ. ಇದೂ ಸರಾಸರಿಯೇ. ಪೂರ್ತಿ ವಾಕ್ಯ ಮಾತಾಡಿಕೊಂಡು ಓಡಲು ಆಗುತ್ತಿದ್ದರೆ ಅದು ಹಗುರ ಓಟ. ವಾಚು ಬೇರೆ ಜೋನ್ ತೋರಿಸಿದರೂ ಗಾಬರಿ ಬೇಡ.

ಹಾಗಾದರೆ ವಾಚು ದಂಡವೇ? ಖಂಡಿತ ಅಲ್ಲ. ಬೆಳಿಗ್ಗೆ ಎದ್ದಾಗಿನ ನಾಡಿ ದಿನವೂ ಎಷ್ಟಿರುತ್ತದೆ ಎಂದು ಗಮನಿಸುತ್ತಿದ್ದರೆ, ಅದು ಸುಮ್ಮನೆ ಏರಿದ ದಿನ ನಿದ್ದೆಗೆಟ್ಟಿದ್ದೋ ಜ್ವರ ಬರುವುದೋ ದಣಿವು ಆರದ್ದೋ ತಿಳಿಯಲು ಸುಳಿವು ಸಿಗುತ್ತದೆ. ಅಂದು ಓಟ ಕಡಿಮೆ ಮಾಡಿ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿ ಮಂಗಳೂರಿನ ಸೆಕೆಯಲ್ಲಿ ಅದೇ ವೇಗ ಹಿಡಿದರೆ ಬಡಿತ ಮೇಲೇರುತ್ತದೆ. ಅಲ್ಲಿ ಬಿಡಬೇಕಾದ್ದು ವೇಗವನ್ನು.

ನನ್ನ ತೀರ್ಮಾನ ಇಷ್ಟು: ದಿನದ ಹಗುರ ಓಟಕ್ಕೆ ಕೈಯಲ್ಲಿರುವ ವಾಚೇ ಸಾಕು, ಹೊಸ ಮಾಡೆಲ್ ಬೇಡ. ಇಂಟರ್ವಲ್ ಮಾಡುವವರು ಆ ದುಡ್ಡಿನಲ್ಲಿ ಸ್ಟ್ರಾಪ್ ಕೊಳ್ಳಿ. ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ವಾಚು ಏನೇ ಹೇಳಲಿ, ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.